ಬಿಡಾರದ ಗಾಡಿಗೆ ಯಾವ ಹೀಟರ್?

ಶಿರಂಗಾಲವು ಕೊಡಗಿನ ಈಶಾನ್ಯದ ಅಂಚು. ಕಾವೇರಿ ನಮ್ಮ ಜಿಲ್ಲೆಗೆ ವಿದಾಯ ಹೇಳಿ ಹಾಸನದ ಕಡೆಗೆ ಹರಿಯುವುದು ಇಲ್ಲಿಂದಲೇ. ಕೊಣನೂರು, ರಾಮನಾಥಪುರಗಳ ಕಡೆಯಿಂದ ಬರುವ ವಾಹನಗಳು ಇದೇ ದಾರಿಯಲ್ಲಿ ಹೆಬ್ಬಾಲೆ, ಕೂಡಿಗೆಗಳನ್ನು ದಾಟಿ ಕುಶಾಲನಗರ ಸೇರುತ್ತವೆ. ಈಚಿನ ವರ್ಷಗಳಲ್ಲಿ ಆ ವಾಹನಗಳ ನಡುವೆ ಹೊಸ ಬಗೆಯೊಂದು ಕಾಣಿಸಿಕೊಳ್ಳುತ್ತಿದೆ. ಕಾರಿನ ಹಿಂದೆ ಕಟ್ಟಿಕೊಂಡು ಬರುವ, ಒಳಗೆ ಮಂಚ, ಒಲೆ, ದೀಪಗಳಿರುವ ಸಣ್ಣ ಮನೆಯಂಥ ಗಾಡಿ. ಕ್ಯಾಂಪಿಂಗ್ ಟ್ರೇಲರ್ ಎಂದು ಅದರ ಹೆಸರು. ಬಿಡಾರದ ಗಾಡಿ ಎಂದರೆ ನಮಗೆ ಬೇಗ ಅರ್ಥವಾದೀತು. ಇಂತಹ ಗಾಡಿಗಳನ್ನು ತೋಟದ ಮೂಲೆಯಲ್ಲಿ, ಹೊಳೆಯ ದಡದಲ್ಲಿ ನಿಲ್ಲಿಸಿಕೊಳ್ಳಲು ಜಾಗ ಕೊಟ್ಟು ನಾಲ್ಕು ಕಾಸು ಸಂಪಾದಿಸಬಹುದೆಂದು ನಮ್ಮ ಯುವಕರೂ ಯೋಚಿಸತೊಡಗಿದ್ದಾರೆ. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವರ್ಕ್‌ಶಾಪಿನಲ್ಲಿಯೇ ಇಂಥದೊಂದನ್ನು ಮಾಡಿಸಿದರೆ ಹೇಗೆ ಎಂದು ಲೆಕ್ಕ ಹಾಕುವವರೂ ಉಂಟು. ಅವರು ಕೇಳುವ ಪ್ರಶ್ನೆ ಒಂದೇ: ಮಾಗಿಯ ಚಳಿಗೆ ಒಳಗಿಡಲು ಯಾವ ಹೀಟರ್ ಒಳ್ಳೆಯದು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾವ ಹೀಟರಿನಲ್ಲಿ ಬೆಂಕಿ ಉರಿಯುತ್ತದೆಯೋ ಮತ್ತು ಆ ಬೆಂಕಿಯ ಹೊಗೆಯನ್ನು ಹೊರಕ್ಕೆ ಒಯ್ಯುವ ಕೊಳವೆ ಯಾವುದಕ್ಕೆ ಇಲ್ಲವೋ, ಅದು ಜನ ಮಲಗುವ ಗಾಡಿಯೊಳಗೆ ಇರಕೂಡದು. ಅದರ ಬೆಲೆ ಎಷ್ಟೇ ಇರಲಿ, ಅದು ಯಾವ ದೇಶದ್ದೇ ಆಗಿರಲಿ, ಅದರ ಮೇಲೆ ಎಂತಹ ಭರವಸೆಯ ಮಾತು ಅಚ್ಚಾಗಿರಲಿ. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ನಮ್ಮ ಸೀಮೆಯ ಚಳಿಗೆ ಇಂತಹ ಗಾಡಿಗಳಲ್ಲಿ ಬಹುಪಾಲಿಗೆ ಹೀಟರೇ ಬೇಕಿಲ್ಲ. ಈ ಎರಡು ಮಾತುಗಳಿಗೂ ಲೆಕ್ಕ ಕೊಡುವುದು ನನ್ನ ಹೊಣೆ.

ರಜೆಗೆ ಬರುವ ಪಟ್ಟಣಿಗರ ಗಾಡಿಯ ವಿಚಾರ ಹಳ್ಳಿಯ ಪತ್ರಿಕೆಗೆ ಏಕೆ ಎಂದು ಕೆಲವರು ಕೇಳಬಹುದು. ಶುಂಠಿ ಗದ್ದೆಯ ಬದಿಯಲ್ಲಿ ಕೂಲಿಕಾರರು ಹೂಡುವ ಟಾರ್ಪಾಲಿನ ಶೆಡ್ಡು, ಬೆಳೆ ಕಾಯುವವನ ಗುಡಿಸಲು, ಬೆಟ್ಟದ ಮೇಲಿನ ಟೆಂಟು, ಕಿಟಕಿಗೆ ಗಾಜು ಕೂರಿಸಿದ ಹೊಸ ಆರ್‌ಸಿಸಿ ಕೋಣೆ, ಇವೆಲ್ಲವೂ ಗಾಳಿಯ ದೃಷ್ಟಿಯಿಂದ ಆ ಗಾಡಿಯ ಸೋದರರೇ. ಚಿಕ್ಕ ಜಾಗ, ಮುಚ್ಚಿದ ಬಾಗಿಲು, ಒಳಗೆ ಮಲಗಿದ ಜನ, ನಡುವೆ ಬೆಂಕಿ. ಗಾಡಿಯ ಬಗ್ಗೆ ಹೇಳುವುದೆಲ್ಲವೂ ಇವಕ್ಕೂ ಸಲ್ಲುತ್ತದೆ.

ಇದು ಬರೀ ಊಹೆಯ ಭಯವಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗಿರಿಧಾಮಕ್ಕೆ ಹೋಗಿದ್ದ ಕೇರಳದ ಎಂಟು ಪ್ರವಾಸಿಗಳು, ಅವರಲ್ಲಿ ಮಕ್ಕಳೂ ಇದ್ದರು, ರೆಸಾರ್ಟಿನ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಬಾಗಿಲು ಕಿಟಕಿ ಭದ್ರಪಡಿಸಿ ಮಲಗಿದವರು ಮತ್ತೆ ಏಳಲಿಲ್ಲ. 2024ರ ಡಿಸೆಂಬರಿನಲ್ಲಿ ಕೋಳಿಕ್ಕೋಡು ಜಿಲ್ಲೆಯ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಅಲ್ಲಿ ಹೀಟರ್ ಕೂಡ ಇರಲಿಲ್ಲ. ಗಾಡಿಯದೇ ಜನರೇಟರಿನ ಹೊಗೆ ನೆಲದ ರಂಧ್ರದ ಮೂಲಕ ಒಳಸೇರಿತ್ತೆಂದು ತನಿಖೆಯಲ್ಲಿ ತಿಳಿದುಬಂತು. ನಮಗೆ ನದಿಯಾಚೆಯ ನೆರೆಯಾದ ಪಿರಿಯಾಪಟ್ಟಣದಲ್ಲಿ 2025ರ ಅಕ್ಟೋಬರಿನಲ್ಲಿ ಸ್ನಾನಕ್ಕೆ ಹೋದ ಇಬ್ಬರು ಸಹೋದರಿಯರು ಗ್ಯಾಸ್ ಗೀಸರಿನ ಅನಿಲದಿಂದ ಪ್ರಾಣ ಕಳೆದುಕೊಂಡರು. ಮರು ತಿಂಗಳೇ ಬೆಳಗಾವಿಯ ಅಮನ್ ನಗರದಲ್ಲಿ ಇದ್ದಿಲು ಹೊತ್ತಿಸಿಟ್ಟುಕೊಂಡು ಕೋಣೆಯಲ್ಲಿ ಮಲಗಿದ್ದ ಮೂವರು ಯುವಕರು ತೀರಿಕೊಂಡರು. ಕೋಣೆ, ಸ್ನಾನದ ಮನೆ, ಗಾಡಿ, ಬೇರೆ ಬೇರೆ ಜಾಗಗಳು. ಉರಿದದ್ದೂ ಬೇರೆ ಬೇರೆ: ಗ್ಯಾಸ್, ಜನರೇಟರಿನ ಇಂಧನ, ಇದ್ದಿಲು. ಹಿಂದಿದ್ದ ಕಾರಣ ಮಾತ್ರ ಒಂದೇ, ಮುಚ್ಚಿದ ಜಾಗದಲ್ಲಿ ಕೂಡಿಕೊಂಡ ಉರಿಯ ಅನಿಲ.

ಇಂತಹ ಸಾವುಗಳ ಹಿಂದಿರುವುದು ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗಿಗೆ ಉರಿಯಿಲ್ಲ. ಇಂಧನಕ್ಕೆ ಸಾಕಷ್ಟು ಆಮ್ಲಜನಕ ಸಿಗದಾಗ ಅದು ಹುಟ್ಟುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಒಲವಿನಿಂದ ಇದನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಗಾಳಿಯಲ್ಲಿ ಅಲ್ಪ ಪ್ರಮಾಣದಲ್ಲಿದ್ದರೂ ರಕ್ತದಲ್ಲಿ ಕ್ರಮೇಣ ಅದೇ ತುಂಬಿಕೊಳ್ಳುತ್ತದೆ. ಮೊದಲು ತಲೆನೋವು, ಬಳಿಕ ವಾಕರಿಕೆ, ತಲೆಸುತ್ತು, ಕಾಲುಗಳ ನಿತ್ರಾಣ. ಎಚ್ಚರವಿದ್ದವನು ಇದನ್ನು ಪ್ರಯಾಣದ ದಣಿವೆಂದೋ, ಊಟ ಒಗ್ಗಲಿಲ್ಲವೆಂದೋ ತಿಳಿಯುತ್ತಾನೆ. ಕುಡಿದವನಿಗೆ ಅಷ್ಟೂ ತಿಳಿಯುವುದಿಲ್ಲ. ನಿದ್ರಿಸುತ್ತಿರುವವನಿಗೆ ಈ ಯಾವ ಸೂಚನೆಯೂ ತಲುಪುವುದಿಲ್ಲ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಅಪಾಯ ಇನ್ನೂ ಹೆಚ್ಚು.

ಇಲ್ಲಿ ಇದ್ದಿಲಿನ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಸೀಮೆಯಲ್ಲಿ ಹೆಚ್ಚು ಜನ ನಂಬಿರುವುದು ಅದನ್ನೇ. ಸೌದೆಯ ಉರಿ ಹೊಗೆಯಾಡುತ್ತದೆ, ಕಣ್ಣಲ್ಲಿ ನೀರು ಬರಿಸುತ್ತದೆ, ಮನುಷ್ಯನನ್ನು ಹೊರಕ್ಕೆ ಅಟ್ಟುತ್ತದೆ. ಕೆಂಡ ಹಾಗಲ್ಲ. ಹೊಗೆ ನಿಂತಿತು, ಇನ್ನು ಒಳಗೆ ತರಬಹುದು ಎಂದು ನಾವು ಎಣಿಸುವ ಹೊತ್ತಿಗೆ ಸರಿಯಾಗಿ ಅದು ತನ್ನ ವಿಷದ ಕೆಲಸಕ್ಕೆ ತೊಡಗಿರುತ್ತದೆ. ಕೆಂಡದ ರಾಶಿಯ ಅಡಿಯಲ್ಲಿ ಹುಟ್ಟಿದ ಇಂಗಾಲದ ಡೈ ಆಕ್ಸೈಡ್ ಮೇಲಿನ ಕಾದ ಇದ್ದಿಲಿನ ನಡುವೆ ಹಾದುಬರುವಾಗ ಮತ್ತೆ ಇಂಗಾಲವನ್ನು ಕೂಡಿಸಿಕೊಂಡು ಮೊನಾಕ್ಸೈಡ್ ಆಗುತ್ತದೆ. ಅದು ಮೇಲೆ ಬಂದು ನೀಲಿ ನಾಲಗೆಯಾಗಿ ಉರಿದರೆ ಸರಿ. ಬೂದಿ ಕವಿದು ಜ್ವಾಲೆ ಅಡಗಿದ ಮೇಲೆ ಉರಿಯದೆ ಹಾಗೆಯೇ ಕೋಣೆಗೆ ಇಳಿಯುತ್ತದೆ. ಅಂದರೆ ರಾತ್ರಿ ಹತ್ತರ ಹೊತ್ತಿಗೆ ಸೌಮ್ಯವಾಗಿ ಕಾಣುವ ಬೋಗುಣಿಯೇ ಹೆಚ್ಚು ಅಪಾಯಕಾರಿ.

ಒಂದು ಸಾಧಾರಣ ಗಾಡಿ ನಾಲ್ಕು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡಕ್ಕೆ ತುಸು ಕಡಿಮೆ ಎತ್ತರ ಎಂದಿಟ್ಟುಕೊಳ್ಳೋಣ. ಒಳಗಿನ ಗಾಳಿ ಸುಮಾರು 15 ಘನ ಮೀಟರ್. ಎರಡು ಹಿಡಿಯಷ್ಟು, ಎಂದರೆ ನೂರು ಗ್ರಾಂ ಇದ್ದಿಲು ಅದರೊಳಗೆ ಉರಿದು ಹತ್ತೇ ಗ್ರಾಂ ಮೊನಾಕ್ಸೈಡ್ ಹುಟ್ಟಿತು ಎಂದು ತೀರ ಔದಾರ್ಯದಿಂದ ಹಿಡಿದರೂ, ಪ್ರತಿ ಘನ ಮೀಟರಿಗೆ 650 ಮಿಲಿಗ್ರಾಮಿಗೂ ಮಿಕ್ಕಿ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯು ಮನೆಯೊಳಗಿನ ಗಾಳಿಗೆ ಹೇಳಿರುವ ಮಿತಿ ಒಂದು ಗಂಟೆಯ ಅವಧಿಗೆ 35 ಮಿಲಿಗ್ರಾಂ. ಎಂಟು ಗಂಟೆಗಾದರೆ 10 ಮಿಲಿಗ್ರಾಂ. ಎರಡು ಹಿಡಿ ಇದ್ದಿಲು ಗಂಟೆಯ ಮಿತಿಯನ್ನು ಹದಿನೆಂಟು ಪಟ್ಟಿಗೂ ಮೀರಿಸಬಲ್ಲದು. ಚಳಿ ಕಾಯಿಸಲು ನಾವು ಕೊಡುವುದು ಎರಡು ಹಿಡಿಯಲ್ಲ, ಒಂದು ಬಕೆಟ್ಟು.

“ನಮ್ಮ ಅಜ್ಜಿಯಂದಿರು ಅಗ್ಗಿಷ್ಟಿಕೆಯ ಪಕ್ಕದಲ್ಲಿಯೇ ಮಲಗಿ ತೊಂಬತ್ತು ವರ್ಷ ಬಾಳಲಿಲ್ಲವೇ?” ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಬಾಳಿದರು. ಆದರೆ ಅವರ ಮನೆಯ ಮಾಡು ನಾಡಹೆಂಚಿನದು ಅಥವಾ ಹುಲ್ಲಿನದು. ಹೆಂಚು ಹೆಂಚಿನ ಸಂದಿಯಲ್ಲಿ ಹೊಗೆ ಹೊರಹೋಗುತ್ತಿತ್ತು, ಗೋಡೆಯ ತಲೆಗೂ ಮಾಡಿಗೂ ನಡುವೆ ಗಾಳಿ ಹರಿಯುತ್ತಿತ್ತು, ಅಟ್ಟ ಎತ್ತರದಲ್ಲಿತ್ತು. ಇಡೀ ಮನೆಯೇ ಒಂದು ಚಿಮಣಿ. ಅಗ್ಗಿಷ್ಟಿಕೆಯನ್ನು ಅಲ್ಲಿಂದ ಎತ್ತಿಕೊಂಡು ಬಂದೆವು, ಮಾಡನ್ನು ಬಿಟ್ಟುಬಂದೆವು. ಪ್ಲಾಂಟರುಗಳ ಹಳೆಯ ಬಂಗಲೆಗಳಲ್ಲಿ ಗೋಡೆಯೊಳಗಿನ ಅಗ್ಗಿಷ್ಟಿಕೆಗೆ ಇಟ್ಟಿಗೆಯ ಹೊಗೆಗೂಡು ಕಟ್ಟುತ್ತಿದ್ದರು. ಅವರಿಗೆ ಹಣವಿತ್ತೆಂದಲ್ಲ, ಅವರ ಕಿಟಕಿಗಳಿಗೆ ಗಾಜು ಇತ್ತೆಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡವು ಹಳ್ಳಿಗಳಿಗೆ ರೂಪಿಸಿಕೊಟ್ಟ ಒಲೆಯಲ್ಲಿ ಚಿಮಣಿಗೆ ಮಹತ್ವ ಕೊಟ್ಟದ್ದರ ಹಿಂದೆಯೂ ಇದೇ ತಿಳಿವಳಿಕೆಯಿದೆ.

ಇನ್ನು ಗ್ಯಾಸ್ ಹೀಟರ್. ಅಂಗಡಿಗಳಲ್ಲಿ “ಪೋರ್ಟಬಲ್” ಎಂಬ ಹೆಸರಿನಲ್ಲಿ ಮಾರುವ, ಸಿಲಿಂಡರಿಗೆ ಜೋಡಿಸುವ ಅಥವಾ ಒಳಗೇ ಸಣ್ಣ ಡಬ್ಬಿ ಕೂರಿಸುವ, ಕೆಂಪಗೆ ಕಾಯುವ ಜಾಲರಿಯ ಉಪಕರಣ ಇದು. ನೋಡಲು ಇದ್ದಿಲಿಗಿಂತ ಶುಚಿ. ಸರಿಯಾಗಿ ಉರಿದರೆ ಮೊನಾಕ್ಸೈಡ್ ಕೂಡ ಕಡಿಮೆ. ಆದರೆ ಸರಿಯಾಗಿ ಉರಿಯಲು ಅದಕ್ಕೆ ಬೇಕಾದ ಗಾಳಿ ಎಷ್ಟು? ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿಯ ಆಮ್ಲಜನಕವೆಲ್ಲ ಬೇಕು. ನಮ್ಮ ಗಾಡಿಯಲ್ಲಿರುವುದೇ 15. ಒಂದೂವರೆ ಕಿಲೋವ್ಯಾಟಿನ ಹೀಟರ್ ಗಂಟೆಗೆ ಸುಮಾರು 120 ಗ್ರಾಂ ಅನಿಲ ಉರಿಸುತ್ತದೆ. ಗಾಡಿಯನ್ನು ಬಿಗಿಯಾಗಿ ಮುಚ್ಚಿದ್ದರೆ, ಒಳಗಿನವರ ಉಸಿರಾಟವನ್ನೂ ಸೇರಿಸಿಕೊಂಡು, ಒಂದು ಒಂದೂವರೆ ಗಂಟೆಯಲ್ಲಿ ಗಾಳಿಯ ಆಮ್ಲಜನಕ ಶೇಕಡಾ 21ರಿಂದ 18ರ ಆಸುಪಾಸಿಗೆ ಇಳಿಯುತ್ತದೆ. ಉರಿ ಕೆಡತೊಡಗುವುದು, ಮೊನಾಕ್ಸೈಡ್ ಏರತೊಡಗುವುದು ಆಗಲೇ. ಯಾವ ಗಾಡಿಯೂ ಅಷ್ಟು ಬಿಗಿಯಾಗಿರುವುದಿಲ್ಲ ಎಂಬುದು ನಿಜ. ಆದರೆ ಚಳಿಯ ರಾತ್ರಿಯಲ್ಲಿ ಜನ ಸಂದಿಗಳಿಗೆಲ್ಲ ಬಟ್ಟೆ ತುರುಕುತ್ತಾರೆ ಎಂಬುದೂ ಅಷ್ಟೇ ನಿಜ.

ಒಳ್ಳೆಯ ಹೀಟರುಗಳಲ್ಲಿ ಆಮ್ಲಜನಕ ಇಳಿದೊಡನೆ ಅನಿಲವನ್ನು ತಾನಾಗಿ ನಿಲ್ಲಿಸುವ ಸಾಧನ ಇರುತ್ತದೆ. ಬಿದ್ದರೆ ಆರುವ ಸ್ವಿಚ್ಚೂ ಇರುತ್ತದೆ. ಇವು ಇಲ್ಲದ ಹೀಟರಿಗಿಂತ ಇರುವುದು ಮೇಲು, ಸಂದೇಹವಿಲ್ಲ. ಆದರೂ ಆ ಸಾಧನ ಅಳೆಯುವುದು ಆಮ್ಲಜನಕವನ್ನು ಮಾತ್ರ. ಜಾಲರಿಗೆ ದೂಳು ಹಿಡಿದು, ಜೇಡ ಗೂಡು ಕಟ್ಟಿ, ಉರಿ ಹಳದಿಯಾಗಿ ವಿಷ ಕಾರುತ್ತಿದ್ದರೆ ಅದಕ್ಕೆ ತಿಳಿಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ನಾಲ್ಕು ತಿಂಗಳು ಮೂಲೆಯಲ್ಲಿ ಬಿದ್ದಿದ್ದ ಉಪಕರಣದ ಸ್ಥಿತಿ ಹೇಗಿದ್ದೀತೆಂದು ಪಂಪ್‌ಸೆಟ್ ಇಟ್ಟುಕೊಂಡ ಯಾವ ಕೃಷಿಕನಿಗೂ ಹೇಳಬೇಕಾಗಿಲ್ಲ. ಗಾಳಿಗಿಂಡಿ ತೆರೆದಿಟ್ಟರೆ ಆಯಿತಲ್ಲ ಎನ್ನಬಹುದು. ತೆರೆದಿಟ್ಟರೆ ಕಾದ ಗಾಳಿ ಹೋಗುತ್ತದೆ, ಹೀಟರನ್ನು ಇನ್ನೂ ಏರಿಸಬೇಕಾಗುತ್ತದೆ. ಅರ್ಧ ರಾತ್ರಿಯಲ್ಲಿ ಎದ್ದವನೊಬ್ಬ ಗಿಂಡಿ ಮುಚ್ಚುತ್ತಾನೆ. ಮನುಷ್ಯನ ನಿದ್ದೆಗಣ್ಣಿನ ವಿವೇಕವನ್ನು ನಂಬಿಕೊಂಡ ಸುರಕ್ಷತೆ ಸುರಕ್ಷತೆಯಲ್ಲ.

ಇದಲ್ಲದೆ ಕೊಡಗಿನವರಾದ ನಾವು ಮರೆಯಬಾರದ ಇನ್ನೊಂದು ಲೆಕ್ಕವಿದೆ, ಅದು ತೇವದ್ದು. ಒಂದು ಕಿಲೋ ಎಲ್‌ಪಿಜಿ ಉರಿದಾಗ ಸುಮಾರು 1.6 ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ. ಮೇಲೆ ಹೇಳಿದ ಹೀಟರ್ ಎಂಟು ಗಂಟೆ ಉರಿದರೆ ಒಂದೂವರೆ ಲೀಟರ್. ಮಲಗಿದ ನಾಲ್ವರ ಉಸಿರು ಬೆವರಿನದು ಬೇರೆ ಒಂದು ಲೀಟರಿನ ಆಸುಪಾಸು. ಇಪ್ಪತ್ತು ಡಿಗ್ರಿಯಲ್ಲಿ ಆ ಗಾಡಿಯ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿ ಕಾಲು ಲೀಟರಿನಷ್ಟು ನೀರು ಮಾತ್ರ. ಉಳಿದದ್ದು ತಣ್ಣನೆಯ ತಗಡಿನ ಮೇಲೆ ಹನಿಯಾಗಿ ಇಳಿದು ಹಾಸಿಗೆಗೆ ಸೇರುತ್ತದೆ. ಒದ್ದೆ ಹಾಸಿಗೆ ಒಣಗಿದ ಹಾಸಿಗೆಗಿಂತ ತಣ್ಣಗೆ. ಆದ್ದರಿಂದ ಇನ್ನಷ್ಟು ಹೀಟರ್. ಮಡಿಕೇರಿಯ ಜುಲೈ ತಿಂಗಳಲ್ಲಿ ಬಟ್ಟೆ ಒಣಗಿಸಲು ಪಾಡುಪಟ್ಟವರು, ಕೋಣೆಯೊಳಗೆ ಇನ್ನೂ ಒಂದೂವರೆ ಲೀಟರ್ ನೀರು ಚಿಮುಕಿಸುವ ಯಂತ್ರವನ್ನು ಹಣ ಕೊಟ್ಟು ತರುವರೇ?

ಹಾಗಾದರೆ ಉರಿಯುವ ಹೀಟರುಗಳಲ್ಲಿ ಒಳ್ಳೆಯದೇ ಇಲ್ಲವೇ? ಇದೆ. ಅದನ್ನು ಅರ್ಥಮಾಡಿಕೊಳ್ಳಲು ವಿದೇಶಕ್ಕೆ ಹೋಗಬೇಕಿಲ್ಲ, ಹೊಳೆ ದಾಟಿದರೆ ಸಾಕು. ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡು ಸೀಮೆಯ ಹೊಗೆಸೊಪ್ಪಿನ ಬ್ಯಾರನ್ನುಗಳನ್ನು ನಮ್ಮವರೆಲ್ಲ ನೋಡಿದ್ದಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಹೊಗೆಯು ತಗಡಿನ ದಪ್ಪ ಕೊಳವೆಯೊಳಗೆ ಬ್ಯಾರನ್ನಿನ ನೆಲದ ಮೇಲೆ ಸುತ್ತಿ ಮತ್ತೆ ಹೊರಕ್ಕೆ ಹೋಗುತ್ತದೆ. ಒಳಗಿನ ಸೊಪ್ಪಿಗೆ ಸಿಗುವುದು ಕೊಳವೆಯ ಮೈಯ ಶಾಖ ಮಾತ್ರ, ಹೊಗೆಯ ಒಂದೆಳೆಯೂ ಅಲ್ಲ. ಹೊಗೆ ತಾಗಿದರೆ ಎಲೆ ಕೆಡುತ್ತದೆ, ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಕೊಡಗಿನ ಏಲಕ್ಕಿ ಗೂಡುಗಳಲ್ಲಿಯೂ ಇದೇ ಉಪಾಯ. (ಬ್ಯಾರನ್ನುಗಳು ನುಂಗಿದ ಸೌದೆಯ ಲೆಕ್ಕ ಪ್ರತ್ಯೇಕ ಲೇಖನದ ವಿಷಯ. ಇಲ್ಲಿ ನಾನು ಹೊಗಳುತ್ತಿರುವುದು ಅದರ ಕೊಳವೆಯನ್ನಷ್ಟೇ.) ಎಲೆಗೆ, ಏಲಕ್ಕಿಗೆ ತೋರಿದ ಈ ಮುತುವರ್ಜಿಯನ್ನು ಮಲಗಿದ ಮನುಷ್ಯರಿಗೂ ತೋರಬೇಕೆನ್ನುವುದು ಅತಿಯಾಸೆಯಲ್ಲ.

ಈ ತತ್ವದ ಮೇಲೆಯೇ ನಡೆಯುವ ಹೀಟರುಗಳು ಗಾಡಿಗಳಿಗಾಗಿಯೇ ಇವೆ. ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೆಷರ್ ಕಂಪನಿಗಳ ಡೀಸೆಲ್ ಹೀಟರುಗಳು, ಟ್ರೂಮಾದ ಗ್ಯಾಸ್ ಹೀಟರುಗಳು ಈ ಜಾತಿಯವು. ಅವನ್ನೇ ಹೋಲುವ ಅಗ್ಗದ ಚೀನೀ ಮಾದರಿಗಳೂ ಸಿಗುತ್ತವೆ. ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು, ಹೊಗೆಯನ್ನು ಹೊರಕ್ಕೇ ಬಿಟ್ಟು, ಬೇರೊಂದು ಮಾರ್ಗದಲ್ಲಿ ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಎರಡು ಕಿಲೋವ್ಯಾಟಿನ ಡೀಸೆಲ್ ಹೀಟರ್ ಗಂಟೆಗೆ ಸುಮಾರು 100ರಿಂದ 250 ಮಿಲಿಲೀಟರ್ ಡೀಸೆಲ್ ಕುಡಿಯುತ್ತದೆ. ಅದರ ಬೀಸಣಿಗೆಗೆ 12 ವೋಲ್ಟಿನ ಬ್ಯಾಟರಿ ಸಾಕು. ಆದರೆ ಇದು ಎತ್ತಿ ಒಯ್ಯುವ ವಸ್ತುವಲ್ಲ, ಬಲ್ಲವರು ಕೂರಿಸಬೇಕಾದ ವಸ್ತು. ಹೊಗೆಕೊಳವೆಯ ಬಾಯಿ ಗಾಡಿಯ ಅಡಿಯಲ್ಲಿಯೇ ಮುಗಿದರೆ, ನೆಲದ ತೂತುಗಳ ಮೂಲಕ ಹೊಗೆ ಮರಳಿ ಒಳಬರುತ್ತದೆ. ವಡಕರದಲ್ಲಿ ಜನರೇಟರಿನಿಂದ ಆದದ್ದು ಹೀಟರಿನಿಂದಲೂ ಆದೀತು. ಕೊಳವೆ ಪಕ್ಕಕ್ಕೆ, ಕಿಟಕಿಯಿಲ್ಲದ ಬದಿಗೆ, ಗಾಡಿಯ ಅಂಚನ್ನು ಮೀರಿ ಚಾಚಿರಬೇಕು. ನೆಲದ ಪ್ರತಿ ತೂತನ್ನೂ ಮುಚ್ಚಿರಬೇಕು. ವಾಸದ ಗಾಳಿಗಾಗಿ ಬಿಟ್ಟ ಗಿಂಡಿಗಳು ಮಾತ್ರ ತೆರೆದಿರಬೇಕು. ಒಳಗೆ ಗ್ಯಾಸ್ ಒಲೆಯೂ ಇದ್ದರೆ, ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಒಂದು ಗಿಂಡಿ ಇರಲೇಬೇಕು. ಅದು ಹೊಗೆಕೊಳವೆಯಿಂದ ದೂರದ ಮೂಲೆಯಲ್ಲಿರಲಿ.

ವಿದ್ಯುತ್ ಹೀಟರಿನ ವಿಷಯ ಸರಳ. ಹೊಗೆಯಿಲ್ಲ, ನೀರಾವಿಯಿಲ್ಲ, ಮೊನಾಕ್ಸೈಡ್ ಇಲ್ಲ. ಗಾಡಿಯನ್ನು ಮನೆಯ ಅಂಗಳದಲ್ಲಿ ನಿಲ್ಲಿಸಿ ತಂತಿ ಎಳೆಯುವುದಾದರೆ, ಹೊರಗೆ ಡೀಸೆಲ್ ಹೀಟರ್ ಕೂರಿಸುವುದಕ್ಕಿಂತ ಇದೇ ಮೇಲು. ಅಪಾಯವಿರುವುದು ತಂತಿಯಲ್ಲಿ. ಎರಡು ಸಾವಿರ ವ್ಯಾಟಿನ ಹೀಟರ್ ಎಂಟೂವರೆ ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅದನ್ನು ಆರು ಆಂಪಿಯರಿನ ಪ್ಲಗ್ಗಿಗೆ ಸಿಕ್ಕಿಸುವುದೂ, ಸುರುಳಿ ಬಿಚ್ಚದ ಎಕ್ಸ್‌ಟೆನ್ಷನ್ ತಂತಿಗೆ ಜೋಡಿಸುವುದೂ ಬೆಂಕಿಗೆ ಆಹ್ವಾನ. 750 ಅಥವಾ 1000 ವ್ಯಾಟಿನ ಎಣ್ಣೆ ತುಂಬಿದ ಹೀಟರ್ ಸಾಕು. ಬ್ಯಾಟರಿಯಿಂದ ಹೀಟರ್ ನಡೆಸುವ ಆಸೆಯನ್ನು ಬಿಡುವುದು ಲೇಸು: 12 ವೋಲ್ಟಿನ 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಿಂದ ಅದನ್ನು ಹಾಳುಮಾಡದೆ ತೆಗೆಯಬಹುದಾದ ಶಕ್ತಿಯಲ್ಲಿ ಸಾವಿರ ವ್ಯಾಟಿನ ಹೀಟರ್ ಅರ್ಧ ಗಂಟೆ ನಡೆದೀತು.

ಈಗ ಎರಡನೆಯ ಮಾತಿಗೆ ಬರುತ್ತೇನೆ. ನಮಗೆ ಬೇಕಾದ ಶಾಖವಾದರೂ ಎಷ್ಟು?

ಶಿರಂಗಾಲ ಸಮುದ್ರಮಟ್ಟದಿಂದ ಎಂಟುನೂರು ಮೀಟರಿನ ಆಸುಪಾಸಿನಲ್ಲಿದೆ. ಭಾಗಮಂಡಲದ ಮಳೆಯ ಒಂದು ಸಣ್ಣ ಪಾಲು ಮಾತ್ರ ಇಲ್ಲಿ ಬೀಳುತ್ತದೆ. ಮಾಗಿಯಲ್ಲಿ ಆಕಾಶ ತಿಳಿಯಾಗಿರುವುದರಿಂದ ನೆಲದ ಶಾಖ ಬೇಗ ಹಾರಿ, ಬೆಳಗಿನ ಜಾವ ಗದ್ದೆ ಬಯಲಿನಲ್ಲಿ ಚಳಿ ಚೆನ್ನಾಗಿಯೇ ಕಚ್ಚುತ್ತದೆ. ಹಾಗಿದ್ದೂ ಡಿಸೆಂಬರ್, ಜನವರಿಗಳ ಕನಿಷ್ಠ ತಾಪಮಾನ ಸಾಧಾರಣವಾಗಿ 12ರಿಂದ 15 ಡಿಗ್ರಿ. ಕೆಲವು ದಿನ ಅದಕ್ಕಿಂತ ಕೆಳಗೆ. ಹಿಮ ಬೀಳುವ ದೇಶಗಳಿಗಾಗಿ ಮಾಡಿದ ಹೀಟರನ್ನು ಇಲ್ಲಿಗೆ ತರುವುದು, ಬೋರುವೆಲ್ಲಿನ ಮೋಟಾರನ್ನು ಹೂಕುಂಡಕ್ಕೆ ಕಟ್ಟಿದಂತೆ.

ಹೊರಗೆ 12 ಡಿಗ್ರಿ, ಒಳಗೆ 20 ಬೇಕು ಎನ್ನೋಣ. ಅಂತರ ಎಂಟು ಡಿಗ್ರಿ. ಆ ಗಾಡಿಯ ಗೋಡೆ, ಮಾಡು, ನೆಲ ಎಲ್ಲ ಸೇರಿ ಸುಮಾರು 39 ಚದರ ಮೀಟರ್. ಬರಿಯ ತಗಡಿನ ಗಾಡಿಯಾದರೆ ಚದರ ಮೀಟರಿಗೆ ಪ್ರತಿ ಡಿಗ್ರಿಗೆ ಐದು ವ್ಯಾಟಿನಷ್ಟು ಶಾಖ ಸೋರುತ್ತದೆ. ಒಟ್ಟು ಒಂದೂವರೆ ಕಿಲೋವ್ಯಾಟ್. ಇಂತಹ ಗಾಡಿಗೆ ಹೀಟರ್ ಬೇಕೇ ಬೇಕು. ಅದೇ ಗಾಡಿಯ ಒಳಮೈಗೆ ಒಂದು ಅಂಗುಲ ದಪ್ಪದ ಉಷ್ಣನಿರೋಧಕ ಪದರವನ್ನು ಕೂರಿಸಿ ಮೇಲೆ ಪ್ಲೈವುಡ್ ಹೊಡೆದರೆ ಸೋರಿಕೆ ಕಾಲುಭಾಗಕ್ಕೆ ಇಳಿಯುತ್ತದೆ. ಗಿಂಡಿಗಳಿಂದ ಹೋಗುವ ಶಾಖವನ್ನೂ ಸೇರಿಸಿಕೊಂಡರೆ ನಾನೂರು, ಐನೂರು ವ್ಯಾಟ್. ಮಲಗಿದ ಮನುಷ್ಯನ ಮೈಯೇ ಎಪ್ಪತ್ತು ಎಂಬತ್ತು ವ್ಯಾಟಿನ ಹೀಟರ್. ನಾಲ್ವರು ಮಲಗಿದರೆ ಮುನ್ನೂರು. ಉಳಿದ ಕೊರತೆಗೆ ಒಂದು ಕಂಬಳಿ ಸಾಲದೇ? ಅಂಗಡಿಯಲ್ಲಿ ಹೀಟರಿಗೆ ಸುರಿಯುವ ಹಣವನ್ನು ಗೋಡೆಗೆ ಸುರಿದರೆ ಅದು ಎಪ್ರಿಲಿನ ಬಿಸಿಲಿಗೂ ತಡೆ, ಆಗಸ್ಟಿನ ಮಳೆಯ ಸದ್ದಿಗೂ ತಡೆ. ನಿರೋಧಕ ಪದರಕ್ಕೆ ಥರ್ಮೋಕೋಲ್ ಅಗ್ಗ, ಆದರೆ ಅದು ಹೊತ್ತಿಕೊಳ್ಳುತ್ತದೆ. ಒಲೆಯಿರುವ ಬದಿಗೆ ಗಾಜುನಾರು ಒಳ್ಳೆಯದು. ನೆಲಕ್ಕೆ ತೆಂಗಿನ ನಾರಿನ ದಪ್ಪ ಚಾಪೆ ನಮ್ಮಲ್ಲಿಯೇ ಸಿಗುವ ವಸ್ತು. ಹಾಸಿಗೆಯ ಅಡಿಯಿಂದ ಏರುವ ಚಳಿಯನ್ನು ಯಾವ ಹೀಟರೂ ಅಷ್ಟು ಚೆನ್ನಾಗಿ ತಡೆಯಲಾರದು.

ಇನ್ನೂ ಚಳಿಯಾಗುವವರಿಗೆ ಕೋಣೆಯನ್ನು ಬಿಟ್ಟು ಹಾಸಿಗೆಯನ್ನು ಕಾಯಿಸುವ ದಾರಿಯಿದೆ. ಎರಡು ಲೀಟರ್ ಬಿಸಿನೀರು ತುಂಬಿ ಬಟ್ಟೆ ಸುತ್ತಿದ ರಬ್ಬರಿನ ಚೀಲ 70 ಡಿಗ್ರಿಯಿಂದ 35ಕ್ಕೆ ಆರುವಷ್ಟರಲ್ಲಿ ಸುಮಾರು 80 ವ್ಯಾಟ್-ಗಂಟೆಯ ಶಾಖವನ್ನು ಕಾಲಬುಡದಲ್ಲಿಯೇ ಕೊಡುತ್ತದೆ. ಅರವತ್ತು ವ್ಯಾಟಿನ ವಿದ್ಯುತ್ ಕಂಬಳಿ ಎಂಟು ಗಂಟೆಗೆ ತಿನ್ನುವುದು ಅರ್ಧ ಯೂನಿಟ್ಟಿಗೂ ಕಡಿಮೆ. ಹೀಟರ್ ನಡೆಸಲಾರದ ಬ್ಯಾಟರಿ ಇದನ್ನು ರಾತ್ರಿಯಿಡೀ ನಡೆಸಬಲ್ಲದು. ಕುರಿ ಮಂದೆಯೊಡನೆ ಹೊಲದಿಂದ ಹೊಲಕ್ಕೆ ಬಿಡಾರ ಬದಲಿಸುತ್ತ ಬರುವ ಕುರುಬರು ಬಯಲಿನಲ್ಲಿಯೇ ಮಲಗುತ್ತಾರೆ. ಅವರು ಹೊದೆಯುವ ಕರಿಯ ಕಂಬಳಿ ತೇವ ಹೀರಿಯೂ ಬೆಚ್ಚಗಿರುತ್ತದೆ. ಉಣ್ಣೆಯ ಗುಣವೇ ಅದು.

ನನಗೆ ಹೆಚ್ಚು ಚಿಂತೆಯಿರುವುದು ಗಾಡಿಯ ಮಾಲೀಕನ ಬಗ್ಗೆ ಅಲ್ಲ. ಅವನು ಓದಿದವನು, ಕೊಳ್ಳಬಲ್ಲವನು. ಚಿಂತೆಯಿರುವುದು ಅವನಿಗೆ ಜಾಗ ಕೊಡುವ ನಮ್ಮವರ ಬಗ್ಗೆ. ರಾತ್ರಿ ಹೊರಗೆ ಹಾಕಿದ ಶಿಬಿರದ ಬೆಂಕಿ ಆರುತ್ತ ಬರುವಾಗ, ಉಳಿದ ಕೆಂಡವನ್ನು ಬಾಂಡ್ಲಿಯಲ್ಲಿ ತುಂಬಿಕೊಡಿ, ಟೆಂಟಿನೊಳಗೆ ಇಟ್ಟುಕೊಳ್ಳುತ್ತೇವೆ ಎಂದು ಅತಿಥಿ ಕೇಳುತ್ತಾನೆ. ಅತಿಥಿಗೆ ಇಲ್ಲವೆನ್ನಬಾರದು ಎಂಬುದು ನಮ್ಮ ಸಂಸ್ಕಾರ. ಆದರೆ ಆ ಬಾಂಡ್ಲಿ ಕೈಯಿಂದ ಕೈಗೆ ದಾಟಿದ ಮೇಲೆ ಬೆಳಿಗ್ಗೆ ಬಾಗಿಲು ತಟ್ಟಿ ಉತ್ತರ ಬಾರದಿದ್ದರೆ, ಪೊಲೀಸರ ಮುಂದೆ ನಿಲ್ಲುವವನು ಕೆಂಡ ಹೊತ್ತುಕೊಟ್ಟ ಹತ್ತೊಂಬತ್ತರ ಹುಡುಗ. ಬೆಂಕಿ ಬೇಕೆನ್ನುವವರಿಗೆ ಹೊರಗೆ ಬೆಂಕಿ ಇರಲಿ, ಮಲಗುವ ಹೊತ್ತಿಗೆ ಅದಕ್ಕೆ ನೀರು ಬೀಳಲಿ. ಬಾಂಡ್ಲಿಯ ಬದಲು ಬಿಸಿನೀರಿನ ಚೀಲ ಕೊಡುವ ಕ್ರಮವನ್ನು ಹೋಂಸ್ಟೇ ನಡೆಸುವವರು ಒಟ್ಟಾಗಿ ಜಾರಿಗೆ ತಂದರೆ ಯಾರೊಬ್ಬರಿಗೂ ಅತಿಥಿ ತಪ್ಪಿಹೋಗುವ ಭಯವಿರುವುದಿಲ್ಲ. ಜಾಗ ಬಾಡಿಗೆಗೆ ಕೊಡುವಾಗ, ಗಾಡಿಯಲ್ಲಿ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಇದೆಯೇ ಎಂದು ಕೇಳುವುದು ಹೆಸರು ವಿಳಾಸ ಬರೆದುಕೊಳ್ಳುವಷ್ಟೇ ಸಹಜವಾಗಬೇಕು. ಬಿಡಾರದ ಗಾಡಿ ಮತ್ತು ದೋಣಿಗಳಿಗೆಂದೇ ಐರೋಪ್ಯ ಮಾನದಂಡವೊಂದಿದೆ, ಇಎನ್ 50291ರ ಎರಡನೆಯ ಭಾಗ; ಗಂಟೆಯ ಮೇಲೆ ಆ ಸಂಖ್ಯೆ ಇದೆಯೇ ನೋಡಿ ಕೊಳ್ಳಬೇಕು. ಗಾಳಿಯ ದಶಲಕ್ಷ ಭಾಗದಲ್ಲಿ ಮೊನಾಕ್ಸೈಡ್ 300 ಭಾಗ ಮುಟ್ಟಿದರೆ ಅದು ಮೂರು ನಿಮಿಷದೊಳಗೆ ಕೂಗಲೇಬೇಕು. ಅದರ ಸಂವೇದಕಕ್ಕೂ ಆಯುಸ್ಸಿದೆ. ಹಿಂಬದಿಯಲ್ಲಿ ಅಚ್ಚಾದ ವರ್ಷ ಕಳೆದ ಮೇಲೆ ಅದು ಗೋಡೆಯ ಅಲಂಕಾರ ಮಾತ್ರ.

ಯಾರಾದರೂ ಹೀಗೆ ಬಿದ್ದದ್ದು ಕಂಡರೆ ಮೊದಲು ಬಾಗಿಲು ಕಿಟಕಿ ತೆರೆದು, ಉಸಿರು ಬಿಗಿಹಿಡಿದು, ಅವರನ್ನು ಹೊರಕ್ಕೆ ಎಳೆದು ತರಬೇಕು. ಒಳಗೇ ಕುಳಿತು ಉಪಚರಿಸಲು ಹೋದವರೂ ಬಿದ್ದ ಉದಾಹರಣೆಗಳಿವೆ. 108ಕ್ಕೆ ಕರೆ ಮಾಡುವಾಗ “ಹೊಗೆ ಕುಡಿದಿದ್ದಾರೆ, ಆಮ್ಲಜನಕ ಬೇಕು” ಎಂದೇ ಹೇಳಬೇಕು. ಬರಿಯ ಗಾಳಿಯಲ್ಲಿ ರಕ್ತದಿಂದ ಈ ವಿಷ ಅರ್ಧ ಇಳಿಯಲು ನಾಲ್ಕೈದು ಗಂಟೆ ಹಿಡಿದರೆ, ಶುದ್ಧ ಆಮ್ಲಜನಕ ಕೊಟ್ಟಾಗ ಒಂದು ಒಂದೂವರೆ ಗಂಟೆ ಸಾಕು. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಅನೇಕರು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೊಂಡಿಟ್ಟಿದ್ದಾರೆ. ಇಲ್ಲಿ ಅದನ್ನು ನಂಬಬಾರದು. ಮೊನಾಕ್ಸೈಡ್ ಹಿಡಿದ ರಕ್ತವೂ ಅದರ ಕಣ್ಣಿಗೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುವುದರಿಂದ, ಸಾಯುತ್ತಿರುವವನ ಬೆರಳಿನಲ್ಲಿಯೂ ಅದು 98 ಎಂದು ತೋರಿಸಬಲ್ಲದು.

ಶುಂಠಿ ಕೀಳುವ ಕಾಲಕ್ಕೆ ಕೂಲಿಕಾರರ ಶೆಡ್ಡುಗಳು ಗದ್ದೆಯ ಬದುಗಳಲ್ಲಿ ಏಳುತ್ತವೆ. ಅವರು ಎಚ್ಚರಿಕೆ ಗಂಟೆ ಕೊಳ್ಳಲಾರರು, ಜರ್ಮನಿಯ ಹೀಟರಿನ ಹೆಸರು ಕೇಳಲಾರರು. ಅವರನ್ನು ಕರೆಸಿಕೊಂಡವರು ನೆಲಕ್ಕೆ ಒಣಹುಲ್ಲು ಮತ್ತು ಹಲಗೆ, ತಲೆಗೊಂದು ಒಳ್ಳೆಯ ಕಂಬಳಿ, ಟಾರ್ಪಾಲಿನ ಎರಡೂ ತುದಿಯಲ್ಲಿ ಮೇಲುಗಡೆ ಒಂದೊಂದು ಗಿಂಡಿ ಮಾಡಿಸಿಕೊಡಲಿ. ಅಡುಗೆಯ ಒಲೆ ಶೆಡ್ಡಿನ ಹೊರಗಿರಲಿ, ಅದರ ಮೇಲೆ ಸಣ್ಣದೊಂದು ಚಪ್ಪರವಿರಲಿ. ಈ ವರ್ಷ ಕೆಲಸಕ್ಕೆ ಜನ ಬರುವ ಮುಂಚೆಯೇ, ಮುಂಗಡ ಕೊಡುವ ದಿನವೇ ಈ ಮಾತು ಆಗಬೇಕು.